ನಕ್ಷೆಯಲ್ಲಿಲ್ಲದ ನೀರು, ಪಟ್ಟಿಯಲ್ಲಿಲ್ಲದ ಯಂತ್ರ

ಚೆನ್ನೈನ ಉತ್ತರದ ಅಂಚಿನಲ್ಲಿ, ಕೊಸಸ್ತಲೈ ನದಿ ಬಂಗಾಳ ಕೊಲ್ಲಿಗೆ ಇಳಿಯುವ ಕಡೆ ಎಣ್ಣೂರು ಇದೆ. ನದಿ, ಬಕಿಂಗ್‌ಹ್ಯಾಮ್ ಕಾಲುವೆ, ಉತ್ತರಕ್ಕೆ ಪುಲಿಕಾಟ್ ಸರೋವರದತ್ತ ಚಾಚಿಕೊಂಡ ಹಿನ್ನೀರು, ಇವೆಲ್ಲ ಕೂಡುವ ಅಳಿವೆ ಅದು. ಅದೇ ಅಳಿವೆಯ ಸುತ್ತ ಉಷ್ಣ ವಿದ್ಯುತ್ ಸ್ಥಾವರಗಳು, 2001ರಿಂದ ನಡೆಯುತ್ತಿರುವ ಬಂದರು, ಲಾರಿ ತಯಾರಿಸುವ ಕಾರ್ಖಾನೆ, ರಸಗೊಬ್ಬರದ ಕಾರ್ಖಾನೆ, 2019ರಲ್ಲಿ ಉದ್ಘಾಟನೆಯಾದ ದ್ರವ ನೈಸರ್ಗಿಕ ಅನಿಲದ ಟರ್ಮಿನಲ್ ಒತ್ತೊತ್ತಾಗಿ ಕೂತಿವೆ. ಬೂದಿ ಕಲಸಿದ ನೀರನ್ನು ಒಯ್ಯುವ ಕೊಳವೆಗಳು, ಎಣ್ಣೆಯ ಕೊಳವೆಗಳು, ವಿದ್ಯುತ್ ತಂತಿಗಳು, ಸಮುದ್ರದ ತಳದಲ್ಲಿ ಮಲಗಿದ ಅಮೋನಿಯಾ ಕೊಳವೆ ಒಂದರ ಪಕ್ಕ ಒಂದು, ಕೆಲವೆಡೆ ಒಂದರ ಮೇಲೊಂದು ಹಾದುಹೋಗಿವೆ. ಇಂಥ ಜಾಗಕ್ಕೆ ಒಂದೇ ನಂಬಿಕಸ್ತ ನಕ್ಷೆ ಇರಬೇಕಿತ್ತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ತಮಿಳುನಾಡು ತಯಾರಿಸಿದ ಯೋಜನೆಗೆ ಕೇಂದ್ರ ಸರ್ಕಾರ 1996ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ನಕ್ಷೆಯಲ್ಲಿ ಎಣ್ಣೂರು ಅಳಿವೆ ಸಂರಕ್ಷಿತ ಜಲಭಾಗ. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ರಾಜ್ಯದ ಕಡೆಯಿಂದ ಸಿಕ್ಕಿ, 2017ರ ಹೊತ್ತಿಗೆ ಸಾರ್ವಜನಿಕ ಜಗಳಕ್ಕೆ ಕಾರಣವಾದ ಇನ್ನೊಂದು ನಕ್ಷೆಯಲ್ಲಿ ಆ ನೀರು ನೀರಾಗಿ ಕಾಣಿಸಲೇ ಇಲ್ಲ. ಹೀಗೆ ಕಾಣೆಯಾದದ್ದು ಆರು ಸಾವಿರ ಎಕರೆಗೂ ಮಿಕ್ಕಿದ ಪ್ರದೇಶ. ಎರಡೂ ಅಧಿಕೃತ ಎನ್ನಿಸಿಕೊಂಡ ಕಾಗದಗಳೇ. ಯಾವುದನ್ನು ಮುಂದಿಟ್ಟುಕೊಂಡು ಕಟ್ಟಡಕ್ಕೆ ಅನುಮತಿ ಕೊಡಬೇಕು ಎನ್ನುವುದರ ಮೇಲೆ ಮೀನುಗಾರರ ಬದುಕು ನಿಂತಿತ್ತು.

ಈ ಅಧ್ಯಾಯದ ವಿಷಯ ಕರಾವಳಿಯ ಕಾನೂನಲ್ಲ, ಕಂಪ್ಯೂಟರು. ಆದರೂ ಎಣ್ಣೂರಿನಿಂದಲೇ ಹೊರಟದ್ದಕ್ಕೆ ಕಾರಣ ಇದೆ. ಇಂಥ ಸ್ಥಾವರಗಳ ಕಾಂಪೌಂಡಿನೊಳಗೆ ಇವತ್ತು ಇನ್ನೊಂದು ಬಗೆಯ ಮೂಲಸೌಕರ್ಯ ಬೆಳೆಯುತ್ತಿದೆ: ಸಂಸ್ಥೆಯೇ ತನ್ನ ಕೋಣೆಯಲ್ಲಿ, ತನ್ನ ಸರ್ವರುಗಳ ಮೇಲೆ ನಡೆಸುವ ಖಾಸಗಿ ಕ್ಲೌಡ್. ಅದಕ್ಕೂ ನಕ್ಷೆಗಳಿವೆ, ಪಟ್ಟಿಗಳಿವೆ, ಕೈಪಿಡಿಗಳಿವೆ. ಅಳಿವೆಯ ನಕ್ಷೆಗಳಿಗೆ ಬಂದ ರೋಗವೇ ಅವಕ್ಕೂ ಬರುತ್ತದೆ, ಆದರೆ ಎಷ್ಟೋ ಪಟ್ಟು ವೇಗವಾಗಿ. ನನ್ನ ವಾದ ಇಷ್ಟು: ತಾಂತ್ರಿಕ ದಾಖಲೆಯನ್ನು ನಾವು ಬರವಣಿಗೆ ಎಂದು ತಿಳಿದಿರುವುದೇ ಅದು ಹಾಳಾಗಲು ಮುಖ್ಯ ಕಾರಣ. ಅದು ಒಂದು ಅಳತೆ. ಅಳತೆಗೆ ತಾರೀಖು ಇರುತ್ತದೆ, ದೋಷದ ಪ್ರಮಾಣ ಇರುತ್ತದೆ, ಮತ್ತೆ ಅಳೆದು ನೋಡುವ ವಿಧಾನ ಇರುತ್ತದೆ. ಈ ಮೂರೂ ಇಲ್ಲದ ದಾಖಲೆ ಎಷ್ಟು ಸೊಗಸಾಗಿದ್ದರೂ ನಂಬಲು ಯೋಗ್ಯವಲ್ಲ.

ಮೊದಲು ಈ ಖಾಸಗಿ ಕ್ಲೌಡ್ ಎಂಬುದರ ಒಳಗನ್ನು ನೋಡೋಣ. ಹೊರಗಿನ ಕಂಪನಿಯ ಕ್ಲೌಡನ್ನು ಬಾಡಿಗೆಗೆ ಪಡೆದಾಗ ನಮಗೆ ಕಾಣುವುದು ಮೇಲಿನ ಪದರ ಮಾತ್ರ: ಇಷ್ಟು ಮೆಮೊರಿ, ಇಷ್ಟು ಡಿಸ್ಕ್, ತಿಂಗಳಿಗೊಂದು ಬಿಲ್ಲು. ಕೆಳಗಿನ ರ್ಯಾಕ್, ತಂತಿ, ಬ್ಯಾಟರಿ, ಎ.ಸಿ., ಡೀಸೆಲ್ ಜನರೇಟರ್ ಎಲ್ಲವೂ ಬೇರೆಯವರ ತಲೆನೋವು, ಬೇರೆಯವರ ಕಡತ. ಆದರೆ ಕಲ್ಲಿದ್ದಲಿನ ಕನ್ವೇಯರನ್ನೋ ಬಂದರಿನ ಕ್ರೇನನ್ನೋ ನಡೆಸುವ ಲೆಕ್ಕಾಚಾರ ದೂರದ ಊರಿನ ಸಂಪರ್ಕ ಕಡಿದಾಗ ನಿಲ್ಲುವಂತಿಲ್ಲ. ಜೊತೆಗೆ ದತ್ತಾಂಶ ತನ್ನ ಹಿಡಿತದಲ್ಲೇ ಇರಲಿ ಎಂಬ ಕಾಳಜಿ ಇರುತ್ತದೆ, ಕಾನೂನಿನ ಒತ್ತಡವೂ ಇರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಹಾಗಾಗಿ ಸಂಸ್ಥೆಗಳು ಸ್ವಂತ ಕೋಣೆ ಕಟ್ಟುತ್ತವೆ, ಅದರ ಮೇಲೆ 2010ರಲ್ಲಿ ನಾಸಾ ಮತ್ತು ರ್ಯಾಕ್‌ಸ್ಪೇಸ್ ಸೇರಿ ಹುಟ್ಟುಹಾಕಿದ ಓಪನ್‌ಸ್ಟ್ಯಾಕ್‌ನಂಥ ತಂತ್ರಾಂಶ ಹೂಡುತ್ತವೆ. ಆ ಗಳಿಗೆಯಿಂದ ಡೀಸೆಲ್ ಟ್ಯಾಂಕಿನಿಂದ ಹಿಡಿದು ವರ್ಚುವಲ್ ಯಂತ್ರದವರೆಗೆ ಪ್ರತಿ ಪದರದ ದಾಖಲೆಯೂ ಸಂಸ್ಥೆಯದೇ ಹೊಣೆ.

ಪದರಗಳೆಲ್ಲ ಒಂದೇ ವೇಗದಲ್ಲಿ ಬದಲಾಗುವುದಿಲ್ಲ ಎಂಬುದು ಇಲ್ಲಿನ ಕಷ್ಟದ ತಿರುಳು. ಕಟ್ಟಡ ಮೂವತ್ತು ವರ್ಷ ಇರುತ್ತದೆ. ರ್ಯಾಕಿನಲ್ಲಿರುವ ಸರ್ವರು ಐದಾರು ವರ್ಷ. ಪ್ಯಾಚ್ ಕೇಬಲ್ ಯಾರೋ ಬಂದು ಕಿತ್ತು ಇನ್ನೊಂದು ಪೋರ್ಟಿಗೆ ಸಿಕ್ಕಿಸುವವರೆಗೆ. ವರ್ಚುವಲ್ ಯಂತ್ರವಂತೂ, ಅದರ ಮೇಲೆ ಕೆಲಸ ಮಾಡುತ್ತಿರುವವರಿಗೆ ಗೊತ್ತೂ ಆಗದಂತೆ, ಒಂದು ಸರ್ವರಿನಿಂದ ಇನ್ನೊಂದಕ್ಕೆ ಜಿಗಿದುಬಿಡಬಲ್ಲದು. ಕ್ಲೌಡಿನ ಜಾಣತನವೇ ಅದು. ಸೋಮವಾರ ಬೆಳಿಗ್ಗೆ ಎಕ್ಸೆಲ್ ಶೀಟಿನಲ್ಲಿ 'ಈ ಯಂತ್ರ ಆ ಸರ್ವರಿನಲ್ಲಿದೆ' ಎಂದು ತುಂಬಿದ್ದು ಮಧ್ಯಾಹ್ನಕ್ಕೆ ಸುಳ್ಳಾಗಿರುತ್ತದೆ. ಈ ಎಲ್ಲವನ್ನೂ ಒಂದೇ ದಾಖಲೆಯಲ್ಲಿ ತುರುಕಿದರೆ ವೇಗವಾಗಿ ಹಳಸುವ ಭಾಗ ನಿಧಾನವಾಗಿ ಹಳಸುವ ಭಾಗದ ಮಾನವನ್ನೂ ಕಳೆಯುತ್ತದೆ. ಮೂರು ಕಡೆ ಸುಳ್ಳು ಕಂಡ ಓದುಗ ನಾಲ್ಕನೆಯ ಪುಟದ ನಿಜವನ್ನೂ ನಂಬುವುದಿಲ್ಲ. ಆಮೇಲೆ ಯಾರೂ ಅದನ್ನು ತಿದ್ದುವುದಿಲ್ಲ, ಯಾಕೆಂದರೆ ಯಾರೂ ಅದನ್ನು ತೆರೆಯುವುದಿಲ್ಲ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇತ್ತೀಚಿನ ಅತ್ಯಂತ ಸ್ಪಷ್ಟ ಸಾಕ್ಷಿ ದಕ್ಷಿಣ ಕೊರಿಯಾದ್ದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದಲ್ಲಿರುವ ಅಲ್ಲಿನ ಸರ್ಕಾರದ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹತ್ತಿತು. ಸರ್ಕಾರ ಸ್ವಂತ ಕಟ್ಟಡದಲ್ಲಿ, ಸ್ವಂತ ಸರ್ವರುಗಳ ಮೇಲೆ ನಡೆಸುತ್ತಿದ್ದ ಕ್ಲೌಡ್ ಅದು. ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದಲ್ಲಿ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು, ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಈ ಸುದ್ದಿ. ನನಗೆ ಅದಕ್ಕಿಂತ ಹೆಚ್ಚು ಮುಖ್ಯವಾಗಿ ಕಂಡದ್ದು ಆಮೇಲಿನ ಒಂದು ಸಣ್ಣ ತಿದ್ದುಪಡಿ. ನಿಂತುಹೋದ ವ್ಯವಸ್ಥೆಗಳು 647 ಎಂದು ಸರ್ಕಾರ ಮೊದಲು ಹೇಳಿತ್ತು. ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಅಲ್ಲ, 709 ಎಂದಿತು. ಯಾವ ವ್ಯವಸ್ಥೆ ಎಲ್ಲಿದೆ ಎಂದು ಹೇಳಬೇಕಾದ ನಿರ್ವಹಣಾ ತಂತ್ರಾಂಶವೇ ಆ ಕಟ್ಟಡದಲ್ಲಿ ನಿಂತುಹೋಗಿತ್ತು. ಅದು ಮತ್ತೆ ಎದ್ದ ಮೇಲಷ್ಟೇ ಪೂರ್ತಿ ಲೆಕ್ಕ ಸಿಕ್ಕಿತು. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶವೊಂದಕ್ಕೆ ಸುಮಾರು ಎರಡು ವಾರ ತನ್ನದೇ ಕೋಣೆಯಲ್ಲಿದ್ದ 62 ವ್ಯವಸ್ಥೆಗಳ ಲೆಕ್ಕ ಇರಲಿಲ್ಲ. ಪಟ್ಟಿ ಇರಲಿಲ್ಲ ಎಂದಲ್ಲ. ಪಟ್ಟಿ ಇದ್ದದ್ದು, ಯಾವುದು ಹೋದಾಗ ಪಟ್ಟಿ ಬೇಕಾಗುತ್ತದೋ ಅದರ ಒಳಗೇ.

2017ರ ಫೆಬ್ರುವರಿ 28ರಂದು ಅಮೆಜಾನಿನ ಎಸ್3 ಸಂಗ್ರಹ ಸೇವೆ ಅಮೆರಿಕದ ಪೂರ್ವ ಭಾಗದಲ್ಲಿ ಕುಸಿದಾಗಲೂ ಇದೇ ಆಯಿತು. ಯಾವ ಸೇವೆ ನಡೆಯುತ್ತಿದೆ, ಯಾವುದು ಇಲ್ಲ ಎಂದು ಗ್ರಾಹಕರಿಗೆ ತೋರಿಸುವ ಫಲಕವೇ ಎಸ್3ಯನ್ನು ನೆಚ್ಚಿಕೊಂಡಿತ್ತು, ಹಾಗಾಗಿ ಅದನ್ನು ಬದಲಿಸಲು ಆಗಲಿಲ್ಲ. ಕಂಪನಿ ಆಮೇಲೆ ಕೊಟ್ಟ ವಿವರಣೆಯಲ್ಲಿ ಇನ್ನೂ ಎರಡು ಗಮನಿಸಬೇಕಾದ ಮಾತುಗಳಿವೆ. ಎಂಜಿನಿಯರು ಅನುಸರಿಸುತ್ತಿದ್ದದ್ದು ಸ್ಥಾಪಿತ ಕೈಪಿಡಿಯನ್ನೇ; ಆದೇಶದ ಒಂದು ಭಾಗ ತಪ್ಪಾಗಿ ಟೈಪಾಗಿ, ತೆಗೆಯಬೇಕಾದ್ದಕ್ಕಿಂತ ಹೆಚ್ಚು ಸರ್ವರುಗಳು ಹೊರಹೋದವು. ಮತ್ತೆ, ಕೆಲವು ಉಪವ್ಯವಸ್ಥೆಗಳನ್ನು ದೊಡ್ಡ ಪ್ರಾಂತ್ಯಗಳಲ್ಲಿ ಎಷ್ಟೋ ವರ್ಷಗಳಿಂದ ಪೂರ್ತಿ ರೀಸ್ಟಾರ್ಟ್ ಮಾಡಿರಲೇ ಇಲ್ಲ, ಆದ್ದರಿಂದ ಎಬ್ಬಿಸಲು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೈಪಿಡಿ ಬರೆದ ಕಾಲದ ಗಾತ್ರ ಬೇರೆ, ಕುಸಿದ ದಿನದ ಗಾತ್ರ ಬೇರೆ.

ಇಷ್ಟಾದ ಮೇಲೆ ಸಹಜವಾಗಿ ಏಳುವ ಮಾತು: ಮನುಷ್ಯರು ಯಾಕೆ ಬರೆಯಬೇಕು? ಯಂತ್ರಗಳೇ ತಮ್ಮ ಲೆಕ್ಕ ತಾವು ಕೊಡಲಿ. ಜಾಲವನ್ನು ಜಾಲಾಡಿ, ಉತ್ತರಿಸುವ ಪ್ರತಿ ಯಂತ್ರವನ್ನೂ ಗುರುತಿಸಿ, ಕೂತಲ್ಲೇ ಪಟ್ಟಿ ತಯಾರಿಸುವ ತಂತ್ರಾಂಶಗಳಿವೆ. ಅವು ದಿನಕ್ಕೆ ಹತ್ತು ಸಲ ಓಡಲಿ, ದಾಖಲೆ ಸದಾ ಹೊಸದಾಗಿರುತ್ತದೆ. ಇದು ಬಲವಾದ ಆಕ್ಷೇಪ, ಅರ್ಧದಷ್ಟು ನಿಜವೂ ಹೌದು. ಆದರೆ ಎಣ್ಣೂರಿಗೆ ಮರಳಿ ಯೋಚಿಸಿ. ಅಳಿವೆಯ ಒಂದು ಮೂಲೆಯಲ್ಲಿ ಸೋರುವ ಕೊಳವೆಯಿಂದ ಬೂದಿ ಬಿದ್ದು ಬಿದ್ದು ನೀರು ಬತ್ತಿ ಗಟ್ಟಿ ನೆಲವಾಗಿದೆ ಎಂದುಕೊಳ್ಳೋಣ. ಉಪಗ್ರಹದಿಂದ ತೆಗೆದ ಹೊಚ್ಚಹೊಸ ಚಿತ್ರ ಆ ಜಾಗವನ್ನು ನೆಲ ಎಂದೇ ತೋರಿಸುತ್ತದೆ. ಚಿತ್ರ ಸುಳ್ಳು ಹೇಳುತ್ತಿಲ್ಲ. ಆದರೆ ಅದನ್ನೇ ನಕ್ಷೆ ಎಂದು ಒಪ್ಪಿದರೆ ನಡೆದ ಹಾನಿಗೆ ಮುದ್ರೆ ಒತ್ತಿದಂತಾಯಿತು. ಅಲ್ಲಿ ನೀರಿರಬೇಕಿತ್ತು ಎಂದು ಹೇಳಬಲ್ಲದ್ದು 1996ರ ಹಳೆಯ ನಕ್ಷೆ ಮಾತ್ರ. ತಾನೇ ಹುಡುಕಿ ಪಟ್ಟಿ ಮಾಡುವ ತಂತ್ರಾಂಶವೂ ಹೀಗೆಯೇ: ಯಾರೋ ಕಳ್ಳತನದಿಂದ ಸಿಕ್ಕಿಸಿದ ಯಂತ್ರವನ್ನೂ ಅದು ಅಚ್ಚುಕಟ್ಟಾಗಿ, ಸರಿಯಾದ ಐಪಿ ವಿಳಾಸದೊಂದಿಗೆ ದಾಖಲಿಸುತ್ತದೆ. ಇರಬೇಕಾಗಿದ್ದು ಇಲ್ಲದೇ ಹೋದಾಗಲಂತೂ ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಉತ್ತರಿಸದ ಯಂತ್ರ ಅದರ ಪಾಲಿಗೆ ಹುಟ್ಟೇ ಇಲ್ಲ.

ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಮನಗಂಡ ತಂತ್ರಾಂಶ ನೆಟ್‌ಬಾಕ್ಸ್. ಡಿಜಿಟಲ್ಓಷನ್ ಎಂಬ ಕ್ಲೌಡ್ ಕಂಪನಿಯೊಳಗೆ ಹುಟ್ಟಿ 2016ರಲ್ಲಿ ಮುಕ್ತ ತಂತ್ರಾಂಶವಾದ ಇದು ಇವತ್ತು ಸ್ವಂತ ಡೇಟಾ ಸೆಂಟರ್ ನಡೆಸುವವರಲ್ಲಿ ಚಿರಪರಿಚಿತ. ಯಾವ ರ್ಯಾಕಿನ ಯಾವ ಅಂತಸ್ತಿನಲ್ಲಿ ಯಾವ ಸರ್ವರು, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ವಿಳಾಸ ಯಾರಿಗೆ ಎಂಬುದನ್ನು ಇಡುವ ಕೋಶ ಅದು. ಜಾಲ ಹೇಗಿದೆ ಎಂಬುದಲ್ಲ, ಹೇಗಿರಬೇಕು ಎಂಬುದೇ ತನ್ನಲ್ಲಿ ದಾಖಲಾಗಬೇಕು ಎಂದು ಅದರ ಕರ್ತೃಗಳು ಮೊದಲಿನಿಂದ ಪಟ್ಟು ಹಿಡಿದಿದ್ದಾರೆ. ಇದು ಹಟಮಾರಿತನವಲ್ಲ. ಇರಬೇಕಾದ ಸ್ಥಿತಿ ಒಂದು ಕಡೆ, ಇರುವ ಸ್ಥಿತಿ ಇನ್ನೊಂದು ಕಡೆ ಬೇರೆ ಬೇರೆಯಾಗಿದ್ದರೆ ಮಾತ್ರ ಎರಡರ ನಡುವಿನ ಅಂತರವನ್ನು ಅಳೆಯಬಹುದು. ಒಂದನ್ನು ಇನ್ನೊಂದರ ಮೇಲೆ ನಕಲು ಮಾಡಿಬಿಟ್ಟರೆ ಅಂತರ ಸೊನ್ನೆಯಾಗುತ್ತದೆ, ಮಾಹಿತಿಯೂ ಸೊನ್ನೆ. ಎಣ್ಣೂರಿನ ಎರಡು ನಕ್ಷೆಗಳ ವಿಷಯದಲ್ಲಿ ಕೆಟ್ಟದ್ದು ಅವು ಎರಡಿದ್ದವು ಎಂಬುದಲ್ಲ. ಒಂದು ಒಪ್ಪಿಗೆ ಪಡೆದ ಗಡಿಯ ದಾಖಲೆ. ಇನ್ನೊಂದು ಯಾವ ಕಾಲದ, ಯಾವ ಉದ್ದೇಶದ ಚಿತ್ರ ಎಂಬುದು ಅದರ ಮೇಲೆ ನಿಚ್ಚಳವಾಗಿ ಬರೆದಿಲ್ಲದೆ ಎರಡೂ ಒಂದೇ ಕುರ್ಚಿಗೆ ಸ್ಪರ್ಧಿಸಿದವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಚುರುಕಾದದ್ದು. ಇಂದಿನ ಎಂಜಿನಿಯರು ಸರ್ವರುಗಳನ್ನು ಕೈಯಿಂದ ಹೊಂದಿಸುವುದಿಲ್ಲ. ಹೀಗಿರಬೇಕು ಎಂದು ಕೋಡ್ ಬರೆಯುತ್ತಾರೆ, ತಂತ್ರಾಂಶ ಅದನ್ನು ಹಾಗೆ ಮಾಡುತ್ತದೆ. 1993ರಲ್ಲಿ ಆಸ್ಲೋದಲ್ಲಿ ಮಾರ್ಕ್ ಬರ್ಜೆಸ್ ಶುರುಮಾಡಿದ ಸಿಎಫ್‌ಎಂಜಿನ್‌ನಿಂದ ಹಿಡಿದು 2014ರ ಟೆರಾಫಾರ್ಮ್‌ವರೆಗೆ ಈ ದಾರಿ ಬೆಳೆದಿದೆ. ಕೋಡೇ ಇರಬೇಕಾದ ಸ್ಥಿತಿಯ ದಾಖಲೆ ಆಗಿರುವಾಗ ಇನ್ನೊಂದು ದಾಖಲೆ ಯಾತಕ್ಕೆ? ಬೇಕಿಲ್ಲ, ಕೋಡ್ ಮುಟ್ಟುವಷ್ಟು ದೂರ. ಅದು ಮುಟ್ಟದ ಎರಡು ಪ್ರದೇಶಗಳಿವೆ. ಕೆಳಗೆ, ಭೌತಿಕ ಲೋಕ: ಈ ಸರ್ವರಿನ ಎರಡೂ ಪವರ್ ಕೇಬಲ್‌ಗಳು ಒಂದೇ ಯುಪಿಎಸ್‌ಗೆ ಸಿಕ್ಕಿಕೊಂಡಿವೆಯೇ ಎಂಬುದನ್ನು ಯಾವ ಕೋಡೂ ಹೇಳದು, ರ್ಯಾಕಿನ ಹಿಂದೆ ಹೋಗಿ ಬಗ್ಗಿ ನೋಡಬೇಕು. ಮೇಲೆ, ಕಾರಣಗಳ ಲೋಕ. ಒಂದು ಫೈರ್‌ವಾಲ್ ನಿಯಮ ಒಂದು ಪೋರ್ಟನ್ನು ತೆರೆದಿಟ್ಟಿದೆ ಎಂದು ಕೋಡ್ ಹೇಳುತ್ತದೆ. ಹಳೆಯ ಕ್ರೇನಿನ ನಿಯಂತ್ರಕಕ್ಕೆ ಬೇರೆ ಭಾಷೆ ಬಾರದು, ಅದನ್ನು ಬದಲಿಸುವವರೆಗೆ ಇದು ಇರಲಿ ಎಂದು ತೆರೆದದ್ದೋ, ಅಥವಾ ಯಾರೋ ರಾತ್ರಿ ಪಾಳಿಯಲ್ಲಿ ಪರೀಕ್ಷೆಗೆ ತೆರೆದು ಮುಚ್ಚಲು ಮರೆತದ್ದೋ ಎಂದು ಹೇಳದು. ಮೊದಲನೆಯದನ್ನು ಮುಚ್ಚಿದರೆ ಕ್ರೇನ್ ನಿಲ್ಲುತ್ತದೆ, ಎರಡನೆಯದನ್ನು ಮುಚ್ಚದಿದ್ದರೆ ಕಳ್ಳ ಬರುತ್ತಾನೆ. ವಿಚಿತ್ರವೆಂದರೆ, ಎಲ್ಲ ದಾಖಲೆಗಳ ಪೈಕಿ ಹಳಸದೇ ಉಳಿಯುವುದು ಈ ಕಾರಣವೊಂದೇ. ವಿಳಾಸ ಬದಲಾಗುತ್ತದೆ, ಸರ್ವರು ಗುಜರಿಗೆ ಹೋಗುತ್ತದೆ. 2021ರಲ್ಲಿ ಇಂಥ ಕಾರಣಕ್ಕೆ ಇಂಥದ್ದನ್ನು ಆರಿಸಿಕೊಂಡೆವು, ಆ ಇನ್ನೊಂದನ್ನು ಬಿಟ್ಟೆವು ಎಂಬ ಎರಡು ಸಾಲು ಮಾತ್ರ 2041ರಲ್ಲೂ ನಿಜವಾಗಿಯೇ ಇರುತ್ತದೆ. ನಾವು ಬರೆಯದೇ ಬಿಡುವುದೂ ಅದನ್ನೇ.

ಕೋಡ್ ಎಲ್ಲ ಕಡೆ ಒಂದೇ ಇದೆ ಎಂಬ ನಂಬಿಕೆಯ ಬೆಲೆ ಎಷ್ಟು ಎಂಬುದನ್ನು ನ್ಯೂಯಾರ್ಕ್ ಷೇರುಪೇಟೆಯ ನೈಟ್ ಕ್ಯಾಪಿಟಲ್ ಕಂಪನಿ 2012ರ ಆಗಸ್ಟ್ 1ರಂದು ಕಂಡುಕೊಂಡಿತು. ಎಂಟು ಸರ್ವರುಗಳಿಗೆ ಹೊಸ ತಂತ್ರಾಂಶ ಹಾಕಬೇಕಿತ್ತು, ಏಳಕ್ಕೆ ಮಾತ್ರ ಹಾಕಲಾಗಿತ್ತು. ಎಂಟನೆಯದರಲ್ಲಿದ್ದ ಹಳೆಯ ಕೋಡ್ ಎಚ್ಚೆತ್ತು ಮುಕ್ಕಾಲು ಗಂಟೆಯಲ್ಲಿ ಕಂಪನಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಬೇಕು ಎಂಬ ಲಿಖಿತ ಕ್ರಮವೇ ಅಲ್ಲಿರಲಿಲ್ಲ ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು ದಾಖಲಿಸಿದ್ದಾರೆ.

ಇದುವರೆಗೆ ಹೇಳಿದ್ದೆಲ್ಲ ಮನುಷ್ಯರು ಮಾಡಿದ ಬದಲಾವಣೆ. ಯಾರೂ ಮಾಡದ ಬದಲಾವಣೆಗಳೂ ಇವೆ, ಅವನ್ನು ಕಲಿಯಲು ಎಣ್ಣೂರಿಗಿಂತ ಕಠಿಣ ಪಾಠಶಾಲೆ ಇಲ್ಲ. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಚೆನ್ನೈ ಕರಾವಳಿಯನ್ನು ಸವರಿಕೊಂಡು ಹೋಯಿತು. ಪ್ರವಾಹದ ನೀರಿನ ಜೊತೆ ಮಣಲಿಯ ಕೈಗಾರಿಕಾ ಪ್ರದೇಶದ ಎಣ್ಣೆ ಬಕಿಂಗ್‌ಹ್ಯಾಮ್ ಕಾಲುವೆಗೆ, ಅಲ್ಲಿಂದ ಎಣ್ಣೂರು ಅಳಿವೆಗೆ ಇಳಿದು ದೋಣಿ, ಬಲೆ, ಮನೆಗೋಡೆ ಎಲ್ಲಕ್ಕೂ ಮೆತ್ತಿಕೊಂಡಿತು. ಮೂರು ವಾರ ಕಳೆದು, ಡಿಸೆಂಬರ್ 26ರ ನಡುರಾತ್ರಿ, ಹಡಗಿನಿಂದ ಕಾರ್ಖಾನೆಗೆ ಅಮೋನಿಯಾ ತರುವ ಸಮುದ್ರದೊಳಗಿನ ಕೊಳವೆ ಸೋರಿ ಪೆರಿಯಕುಪ್ಪಂ, ಚಿನ್ನಕುಪ್ಪಂ ಹಳ್ಳಿಗಳ ಜನ ಉಸಿರುಗಟ್ಟಿ ಬೀದಿಗೆ ಓಡಿದರು, ಹಲವರು ಆಸ್ಪತ್ರೆ ಸೇರಿದರು. ಆಮೇಲೆ ನೋಡಿದ ತಾಂತ್ರಿಕ ಸಮಿತಿ ಬೆರಳು ತೋರಿದ್ದು ಚಂಡಮಾರುತಕ್ಕೆ ಕದಲಿದ ಬಂಡೆಗಳ ಕಡೆಗೆ. ಅವು ಕೊಳವೆಗೆ ಪೆಟ್ಟು ಕೊಟ್ಟಿದ್ದವು. ಯಾರೂ ಕೊಳವೆಯನ್ನು ಮುಟ್ಟದೆಯೇ, ಅದರ ಕಾಗದಗಳಲ್ಲಿ ಒಂದಕ್ಷರ ಬದಲಾಗದೆಯೇ, ಅದರ ಸ್ಥಿತಿ ಬದಲಾಗಿತ್ತು. ಕಂಪ್ಯೂಟರ್ ಕೋಣೆಗೂ ಈ ಮಾತು ಸಲ್ಲುತ್ತದೆ. ಉಪ್ಪುಗಾಳಿ ತಾಮ್ರವನ್ನು ತಿನ್ನುತ್ತದೆ, ಬ್ಯಾಟರಿ ತನ್ನಷ್ಟಕ್ಕೆ ಮುದಿಯಾಗುತ್ತದೆ, 'ಎಂಟು ಗಂಟೆಗೆ ಸಾಕು' ಎಂದು ಬರೆದಿಟ್ಟ ಡೀಸೆಲ್ ಲೆಕ್ಕ ಹೊಸ ಸರ್ವರುಗಳು ಸೇರಿದಂತೆ ಐದು ಗಂಟೆಗೆ ಇಳಿದಿರುತ್ತದೆ. ವರ್ಷಕ್ಕೊಮ್ಮೆ ದಾಖಲೆ ಪರಿಶೀಲಿಸಬೇಕು ಎಂದು ನಿಯಮಗಳು ಹೇಳುತ್ತವೆ. ನನ್ನ ಪ್ರಕಾರ ಅದು ಕ್ಯಾಲೆಂಡರ್ ನೋಡಿ ಮಾಡುವ ಕೆಲಸವೇ ಅಲ್ಲ. ಚಂಡಮಾರುತ, ಪ್ರವಾಹ, ದೀರ್ಘ ವಿದ್ಯುತ್ ಕಡಿತ, ಒಬ್ಬ ಅನುಭವಿಯ ವರ್ಗಾವಣೆ: ಇವುಗಳಲ್ಲಿ ಒಂದಾದ ಕೂಡಲೇ ಸಂಬಂಧಪಟ್ಟ ಪುಟಗಳೆಲ್ಲ 'ಪರಿಶೀಲನೆ ಬಾಕಿ' ಎಂಬ ಗುರುತು ಹೊರಬೇಕು.

ಪರಿಶೀಲನೆ ಎಂದರೆ ಕೂತು ಓದಿ ಸಹಿ ಹಾಕುವುದೂ ಅಲ್ಲ. ಇದಕ್ಕೆ ಮಾದರಿ ಚೆನ್ನೈಯಲ್ಲೇ, ಎರಡು ಶತಮಾನದ ಹಿಂದೆ ಸಿಗುತ್ತದೆ. ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ನಗರದ ದಕ್ಷಿಣದ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಅದನ್ನು ನೆರಳಿನಲ್ಲಿಟ್ಟು, ತಾಪಮಾನ ಬರೆದುಕೊಂಡು, ಲೆಕ್ಕ ತಿದ್ದಿದರು. ಆ ಒಂದು ಗೆರೆಯ ಮೇಲೆ ತ್ರಿಕೋನಗಳನ್ನು ಹೆಣೆಯುತ್ತಾ, ಕೋನಗಳನ್ನಷ್ಟೇ ಅಳೆಯುತ್ತಾ, ಬೆಂಗಳೂರಿನ ಕಡೆಗೆ ಬಂದರು. ತ್ರಿಕೋನಗಳ ಲೆಕ್ಕದ ಪ್ರಕಾರ ಬೆಂಗಳೂರಿನ ಬಳಿಯ ಇನ್ನೊಂದು ಗೆರೆ ಇಷ್ಟುದ್ದ ಇರಬೇಕು ಎಂದು ಗೊತ್ತಾಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, 1804ರಲ್ಲಿ ಆ ಏಳು ಮೈಲಿಯ ಗೆರೆಯನ್ನೂ ಸರಪಳಿ ಹಾಸಿ ನೆಲದ ಮೇಲೇ ಅಳೆಸಿದರು. ಲೆಕ್ಕಕ್ಕೂ ನೆಲಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಭಾರತದ ಮಹಾ ಸರ್ವೆಯ ಮರ್ಯಾದೆ ನಿಂತಿದ್ದು ಈ ಎರಡನೆಯ ಗೆರೆಯ ಮೇಲೆ. ಕಾಗದದಿಂದ ಕಾಗದಕ್ಕೆ ಲೆಕ್ಕ ತಾಳೆ ನೋಡುವುದನ್ನು ಬಿಟ್ಟು ನೆಲಕ್ಕೆ ಇಳಿದದ್ದರಿಂದ, ತಪ್ಪು ಎಷ್ಟು ಎಂಬುದನ್ನು ಒಂದು ಅಂಕಿಯಲ್ಲಿ ಹೇಳಲು ಸಾಧ್ಯವಾಯಿತು.

ಡೇಟಾ ಸೆಂಟರಿನ ದಾಖಲೆಗೂ ಅಂಥ ಒಂದು ಅಂಕಿಯನ್ನು ಕೊಡಬಹುದು, ಅದಕ್ಕೆ ಇಡೀ ಕೋಣೆಯನ್ನು ಮತ್ತೆ ಎಣಿಸಬೇಕಾಗಿಲ್ಲ. ಸಾವಿರ ನಮೂದುಗಳ ಪಟ್ಟಿ ಇದೆ ಎನ್ನಿ. ಚೀಟಿ ಎತ್ತಿದಂತೆ 60 ನಮೂದುಗಳನ್ನು ಆರಿಸಿ, ರ್ಯಾಕಿನ ಬಳಿ ಹೋಗಿ ಲೇಬಲ್ ನೋಡಿ, ತಂತಿ ಹಿಡಿದು ತುದಿಯವರೆಗೆ ಹೋಗಿ. ಪಟ್ಟಿಯಲ್ಲಿ ನೂರಕ್ಕೆ ಐದು ತಪ್ಪಿದ್ದರೆ, ಒಂದು ನಮೂದು ಸರಿ ಇರುವ ಸಂಭವ 0.95, ಅರವತ್ತೂ ಸರಿ ಇರುವ ಸಂಭವ 0.95ನ್ನು ಅರವತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.046. ಆದ್ದರಿಂದ 60ರಲ್ಲಿ ಒಂದೂ ತಪ್ಪು ಸಿಗದಿದ್ದರೆ, ಪಟ್ಟಿಯ ತಪ್ಪು ನೂರಕ್ಕೆ ಐದರೊಳಗೆ ಇದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಇಬ್ಬರಿಗೆ ಒಂದು ಮಧ್ಯಾಹ್ನದ ಕೆಲಸ. ಚೀಟಿ ಎತ್ತುವುದು ಮಾತ್ರ ಕಡ್ಡಾಯ. ಹತ್ತಿರದ ರ್ಯಾಕನ್ನೇ ಆರಿಸಿಕೊಂಡರೆ ಗಣಿತ ಕೈಬಿಡುತ್ತದೆ. ಆಮೇಲೆ ದಾಖಲೆಯ ಮೊದಲ ಪುಟದಲ್ಲಿ ಬರೆಯಿರಿ: ಇಂಥ ದಿನ 60 ನೋಡಿದೆವು, ಇಷ್ಟು ತಪ್ಪು. ಲೇಖಕರ ಹೆಸರಿಗಿಂತ, ಆವೃತ್ತಿಯ ಸಂಖ್ಯೆಗಿಂತ ಓದುವವನಿಗೆ ಉಪಯೋಗಕ್ಕೆ ಬರುವ ಸಾಲು ಅದು.

ಹಾಗೆ ನೆಲಕ್ಕಿಳಿಯದ ದಾಖಲೆಯ ಗತಿ ಏನು ಎಂಬುದಕ್ಕೆ ಗಿಟ್‌ಲ್ಯಾಬ್ ಕಂಪನಿ 2017ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ ಕಥೆ ಇದೆ. ಜನವರಿ 31ರ ರಾತ್ರಿ ಒಬ್ಬ ಎಂಜಿನಿಯರು ತಪ್ಪು ಸರ್ವರಿನ ದತ್ತಾಂಶ ಅಳಿಸಿಬಿಟ್ಟರು. ಮರಳಿ ತರಲು ಐದು ವಿಧಾನಗಳು ಕಾಗದದ ಮೇಲಿದ್ದವು. ಒಂದೂ ನೆಚ್ಚಿಕೊಳ್ಳುವಂತೆ ಕೆಲಸ ಮಾಡುತ್ತಿರಲಿಲ್ಲ. ನಿತ್ಯದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಸದ್ದಿಲ್ಲದೆ ಸೋಲುತ್ತಿತ್ತು, ಸೋತೆ ಎಂದು ಅದು ಕಳಿಸುತ್ತಿದ್ದ ಇಮೇಲುಗಳು ತಿರಸ್ಕೃತವಾಗುತ್ತಿದ್ದವು. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಉಳಿದಿತ್ತು. ಐದು ವಿಧಾನಗಳನ್ನು ವಿವರಿಸುವ ಪುಟಗಳನ್ನು ಎಷ್ಟು ಸಲ ಓದಿದ್ದರೂ ಇದು ತಿಳಿಯುತ್ತಿರಲಿಲ್ಲ. ಒಮ್ಮೆ ಮರಳಿ ತಂದು ನೋಡಿದ್ದರೆ ತಿಳಿಯುತ್ತಿತ್ತು.

ಎಲ್ಲಕ್ಕಿಂತ ಆಳವಾದ ಆಕ್ಷೇಪ ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ ಅವರದ್ದು. 1985ರ ಒಂದು ಪ್ರಬಂಧದಲ್ಲಿ ಅವರು ವಾದಿಸಿದ್ದು ಹೀಗೆ: ಪ್ರೋಗ್ರಾಂ ಎಂಬುದು ಅದನ್ನು ಕಟ್ಟಿದವರ ತಲೆಯಲ್ಲಿರುವ ತಿಳಿವಳಿಕೆ, ಆ ತಂಡ ಚದುರಿದರೆ ಪ್ರೋಗ್ರಾಂ ಸತ್ತಂತೆ, ಬರೀ ದಾಖಲೆ ಓದಿ ಅದನ್ನು ಬದುಕಿಸಲಾಗದು. ಇದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇಪ್ಪತ್ತು ವರ್ಷ ಒಂದೇ ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಫ್ಯಾನಿನ ಸದ್ದಿನಲ್ಲೇ ಗೊತ್ತಾಗುವುದು ಯಾವ ಪುಟಕ್ಕೂ ಇಳಿಯುವುದಿಲ್ಲ. ಆದರೆ ನೌರ್ ಹೇಳಿದ್ದು ವ್ಯವಸ್ಥೆಯನ್ನು ಬದಲಿಸಿ ಬೆಳೆಸುವ ಬುದ್ಧಿಯ ಬಗ್ಗೆ. ರಾತ್ರಿ ಎರಡು ಗಂಟೆಗೆ ಬಿದ್ದ ವ್ಯವಸ್ಥೆಯನ್ನು ಎಬ್ಬಿಸಲು ಅಷ್ಟು ಆಳದ ಬುದ್ಧಿ ಬೇಕಿಲ್ಲ, ಮುಂದಿನ ಹೆಜ್ಜೆ ಯಾವುದು ಎಂಬ ಸಾಲು ಸಾಕು. ಗೂಗಲ್ಲಿನ ಎಂಜಿನಿಯರುಗಳು 2016ರಲ್ಲಿ ಹೊರತಂದ ಪುಸ್ತಕದಲ್ಲಿ, ಮೊದಲೇ ಯೋಚಿಸಿ ಬರೆದಿಟ್ಟ ಕೈಪಿಡಿ ಇದ್ದಾಗ ದುರಸ್ತಿಗೆ ಹಿಡಿಯುವ ಹೊತ್ತು ತಲೆಗೆ ತೋಚಿದಂತೆ ಮಾಡುವುದಕ್ಕಿಂತ ಸುಮಾರು ಮೂರು ಪಟ್ಟು ಉತ್ತಮ ಎಂದು ಹೇಳಿದ್ದಾರೆ. ಇದಕ್ಕಿಂತ ನೇರವಾದ ಉತ್ತರವೂ ಒಂದಿದೆ. ನಮ್ಮ ಸ್ಥಾವರಗಳಲ್ಲಿ ಈ ಕೆಲಸ ಮಾಡುವವರು ಬಹುಪಾಲು ಗುತ್ತಿಗೆಯವರು. ಮೂರು ವರ್ಷಕ್ಕೊಮ್ಮೆ ಟೆಂಡರ್, ಹೊಸ ಏಜೆನ್ಸಿ, ಹೊಸ ಮುಖಗಳು. ತಂಡ ಚದುರುವುದು ಇಲ್ಲಿ ಅಪಘಾತವಲ್ಲ, ಒಪ್ಪಂದದ ಷರತ್ತು.

ವಿವರವಾದ ದಾಖಲೆ ಕಳ್ಳರ ಕೈಗೆ ಸಿಕ್ಕರೆ ಎಂಬ ಭಯವೂ ಇದೆ. ನ್ಯಾಯವಾದದ್ದೇ, ಪಾಸ್‌ವರ್ಡುಗಳು ಕೈಪಿಡಿಯಲ್ಲಿ ಇರಬಾರದು, ಯಾರು ಯಾವ ಪುಟ ತೆರೆಯಬಹುದು ಎಂಬುದಕ್ಕೆ ಕಟ್ಟುನಿಟ್ಟು ಬೇಕು. ಆದರೆ ಒಳಹೊಕ್ಕ ಕಳ್ಳ ವಾರಗಟ್ಟಲೆ ಕೂತು ತನ್ನದೇ ನಕ್ಷೆ ಬರೆದುಕೊಳ್ಳುತ್ತಾನೆ. ನಕ್ಷೆ ಇಲ್ಲದವರು ಮನೆಯವರು ಮಾತ್ರ ಆಗುತ್ತಾರೆ.

ಉಳಿದದ್ದು ಖರ್ಚಿನ ಮಾತು. ದಾಖಲೆಗೆ ಪ್ರತ್ಯೇಕ ಸಮಯ ಎಲ್ಲಿದೆ ಎಂದು ಕೇಳುವವರಿಗೆ ಕರ್ನಾಟಕದ 'ಭೂಮಿ' ಯೋಜನೆಯನ್ನು ತೋರಿಸಬೇಕು. 2000ದ ಸುಮಾರಿಗೆ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಅದರಿಂದ ಹಳೆಯ ತಪ್ಪುಗಳೆಲ್ಲ ಹೋಗಲಿಲ್ಲ. ಕೈಬರಹದ ತಪ್ಪು ಅಚ್ಚಿನ ತಪ್ಪಾಯಿತು ಅಷ್ಟೇ. ಪಹಣಿ ಒಂದು ಹೇಳಿ ಹೊಲದ ಬದು ಇನ್ನೊಂದು ಹೇಳುವ ಜಮೀನುಗಳಿಗೆ ಇವತ್ತಿಗೂ ಪೋಡಿ ಮಾಡಿಸಲು ಜನ ಅಲೆಯುತ್ತಾರೆ. ಆದರೆ ಯೋಜನೆಯ ನಿಜವಾದ ಜಾಣತನ ಬೇರೆ ಕಡೆ ಇತ್ತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಾದ ಮೇಲೆ ಬದಲಾವಣೆ ಕಂಪ್ಯೂಟರಿನೊಳಗೇ ಆಗಬೇಕಾಯಿತು. ಮುಂದೆ ನೋಂದಣಿ ಕಚೇರಿಯ 'ಕಾವೇರಿ' ತಂತ್ರಾಂಶದ ಜೊತೆ ಅದನ್ನು ಬೆಸೆದು, ಕ್ರಯಪತ್ರ ನೋಂದಣಿಯಾದ ಕೂಡಲೇ ಖಾತೆ ಬದಲಾವಣೆಯ ಪ್ರಕ್ರಿಯೆ ತಾನಾಗಿ ಶುರುವಾಗುವಂತೆ ಮಾಡಿದರು. ಮಾರಾಟ ಮತ್ತು ದಾಖಲೆ ಎರಡು ಕೆಲಸಗಳಾಗಿ ಉಳಿಯಲಿಲ್ಲ. ಡೇಟಾ ಸೆಂಟರಿನಲ್ಲೂ ಇದು ಸಾಧ್ಯ: ನೆಟ್‌ಬಾಕ್ಸಿನಲ್ಲಿ ನಮೂದಾಗದ ಸರ್ವರಿಗೆ ವಿಳಾಸವೇ ಸಿಗಬಾರದು, ಕಾರಣದ ಸಾಲು ಇಲ್ಲದ ಫೈರ್‌ವಾಲ್ ನಿಯಮವನ್ನು ತಂತ್ರಾಂಶವೇ ವಾಪಸ್ ಕಳಿಸಬೇಕು. ದಾಖಲೆಗೆ ಪ್ರತ್ಯೇಕ ಸಮಯ ಬೇಕಾಗುವುದು ಅದನ್ನು ಕೆಲಸದಿಂದ ಬೇರ್ಪಡಿಸಿದಾಗ ಮಾತ್ರ.

ತಂತಿ, ಬ್ಯಾಟರಿ, ಕೀಲಿಕೈಗಳಿಗೆ ಇಂಥ ಬೆಸುಗೆ ಹಾಕಲಾಗದು. ಅಲ್ಲಿ ಹಿಡಿತ ಇರುವುದು ಒಪ್ಪಂದದ ಕಾಗದದಲ್ಲಿ. ಟೆಂಡರುಗಳಲ್ಲಿ ಈಗ 'ದಾಖಲೆಗಳನ್ನು ಸಲ್ಲಿಸತಕ್ಕದ್ದು' ಎಂಬ ಒಂದು ಸಾಲು ಇದ್ದರೆ ಹೆಚ್ಚು. ಐನೂರು ಪುಟದ ಬೈಂಡು ಬಂದರೆ ಷರತ್ತು ಪೂರೈಸಿತು. ಅದರ ಬದಲು ಹಸ್ತಾಂತರದ ದಿನ ಹೀಗೆ ಕೇಳಬಹುದು: ಆ ವ್ಯವಸ್ಥೆಯನ್ನು ಕಟ್ಟದ, ನೋಡದ ಇಬ್ಬರು ಬರಲಿ. ಅವರ ಕೈಯಲ್ಲಿ, ಜಾಲ ಬಿದ್ದಾಗಲೂ ಓದಲು ಸಿಗುವಂತೆ, ಬೇರೆ ಕಟ್ಟಡದ ಬೀರುವಿನಿಂದ ತಂದ ಮುದ್ರಿತ ಪ್ರತಿ ಮಾತ್ರ ಇರಲಿ. ಚೀಟಿ ಎತ್ತಿದ ಒಂದು ರ್ಯಾಕನ್ನು ಅವರು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಲಿ, ಒಂದು ಬ್ಯಾಕಪ್ಪಿನಿಂದ ದತ್ತಾಂಶ ಮರಳಿ ತರಲಿ. ಕಟ್ಟಿದ ಏಜೆನ್ಸಿಯವರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿರಲಿ. ಅವರು ಬಾಯಿ ತೆರೆದು ಉತ್ತರಿಸಬೇಕಾದ ಪ್ರತಿ ಪ್ರಶ್ನೆಯೂ ಆ ಪ್ರತಿಯ ಅಂಚಿನಲ್ಲಿ ದಾಖಲಾಗಿ, ತಿದ್ದುಪಡಿ ಆಗುವವರೆಗೆ ಕೊನೆಯ ಕಂತಿನ ಹಣ ನಿಲ್ಲಲಿ.